ಚಾವಡಿ–ಅಡುಗೆಮನೆ: ಮಳೆಗೆ ಮೊದಲಿನ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹಪ್ಪಳ ಇದೆ, ಎಣ್ಣೆ ಇದೆ, ಕೆಂಪು ನೆಲ ಇದೆ, ಸುಣ್ಣದ ಗೋಡೆ ಇದೆ. ಕೇಳಿದ್ದು ಬೇರೆ ಬೇರೆಯಾದರೂ ಬಹುಪಾಲು ದೂರುಗಳ ಬೇರು ತೇವದಲ್ಲಿದೆ. ವರ್ಷಕ್ಕೆ 3000 ಮಿಲಿಮೀಟರಿಗೂ ಮೇಲೆ ಮಳೆ ಬೀಳುವ ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಕೊಬ್ಬರಿಯಾಗಲಿ ಗೋಡೆಯಾಗಲಿ, ಒಳಗೆ ಸೇರಿದ ನೀರು ಹೊರಗೆ ಹೋಗದಿದ್ದರೆ ಕೆಡುವುದೇ. ಒಂದೇ ವಿಷಯದ ಪತ್ರಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಅಕ್ಕಾ, ಹಲಸಿನಕಾಯಿ ಹಪ್ಪಳ ಎಣ್ಣೆಗೆ ಬಿಟ್ಟ ಕೂಡಲೇ ಕೆಂಪಾಗುತ್ತದೆ, ಅರಳುವುದಿಲ್ಲ. ಉಪ್ಪೂ ಜಾಸ್ತಿ. ಹಿಟ್ಟಿನಲ್ಲಿ ರುಚಿ ನೋಡಿದಾಗ ಉಪ್ಪು ಸರಿಯಾಗಿಯೇ ಇತ್ತು. ಎಲ್ಲಿ ತಪ್ಪಿತು?
— ಗೃಹಿಣಿ, ಬದಿಯಡ್ಕ

ಉತ್ತರ: ಮೂರು ದೂರಿಗೆ ಮೂರು ಕಾರಣ.

ಕೆಂಪಾಗುವುದು ಕಾಯಿಯಿಂದ. ಹಣ್ಣಾಗಲು ಹೊರಟ ಹಲಸಿನಲ್ಲಿ ಪಿಷ್ಟ ಸಕ್ಕರೆಯಾಗತೊಡಗಿರುತ್ತದೆ. ಆ ಸಕ್ಕರೆ ಬಿಸಿ ಎಣ್ಣೆಯಲ್ಲಿ ಕ್ಷಣದಲ್ಲಿ ಕಂದುತ್ತದೆ. ಹಪ್ಪಳಕ್ಕೆ ಬೇಕಾದದ್ದು ಪೂರ್ತಿ ಬೆಳೆದ, ಆದರೆ ಸಿಹಿ ಸೇರದ ಕಾಯಿ. ಕೊರೆದಾಗ ಮೇಣ ಧಾರಾಳ ಬರಬೇಕು, ಸೊಳೆ ಬಿಳಿ ಅಥವಾ ತಿಳಿಹಳದಿ ಇದ್ದು ಮುರಿದರೆ ಟಕ್ಕೆಂದು ತುಂಡಾಗಬೇಕು, ಒಳಗಿನ ಬೇಳೆ ತುಂಬಿರಬೇಕು, ಹಣ್ಣಿನ ಪರಿಮಳ ಇರಲೇಬಾರದು. ಕಾಯಿ ಕೊಯ್ದು ‘ನಾಳೆ ಮಾಡುವ’ ಎಂದು ಇಟ್ಟರೆ ಒಂದು ರಾತ್ರಿಯಲ್ಲೇ ಹದ ತಪ್ಪಬಹುದು.

ಅರಳದಿರುವುದು ಬೇಯಿಸುವುದರಲ್ಲೂ ಗುದ್ದುವುದರಲ್ಲೂ ಆದ ಕೊರತೆ. ಸೊಳೆಯನ್ನು ನೀರಿಗೆ ಹಾಕಿ ಬೇಯಿಸಬೇಡಿ, ಹಬೆಯಲ್ಲೇ ಬೇಯಬೇಕು. ಅಟ್ಟಿನಳಗೆಯಲ್ಲಿ ಹಬೆ ಬಂದ ಮೇಲೆ 25ರಿಂದ 30 ನಿಮಿಷ, ಬೆರಳಲ್ಲಿ ಒತ್ತಿದರೆ ನುಣ್ಣಗಾಗುವವರೆಗೆ. ಇಳಿಸಿ ಬಿಸಿ ಇರುವಾಗಲೇ ಗುದ್ದಬೇಕು. ತಣಿದ ಸೊಳೆಯಲ್ಲಿ ಗಂಟು ಉಳಿಯುತ್ತದೆ, ಗಂಟು ಇದ್ದಲ್ಲಿ ಹಪ್ಪಳ ಅರಳದೆ ಕಲ್ಲಾಗುತ್ತದೆ. ಗ್ರೈಂಡರಿಗೆ ಹಾಕುವವರು ಸ್ವಲ್ಪ ಸ್ವಲ್ಪವೇ ಹಾಕಿ, ಒಂದು ಚಮಚ ನೀರೂ ಸೇರಿಸಬೇಡಿ. ನೀರು ಸೇರಿದ ಹಿಟ್ಟು ಹಾಳೆಗೆ ಅಂಟುತ್ತದೆ, ಒಣಗುವಾಗ ಅಂಚು ಬಿರಿಯುತ್ತದೆ.

ಉಪ್ಪಿನ ಲೆಕ್ಕ ಹೀಗೆ: ಬೆಂದ ಸೊಳೆ ಒಣಗಿದಾಗ ತೂಕ ಸುಮಾರು ಮೂರನೇ ಒಂದಕ್ಕೆ ಇಳಿಯುತ್ತದೆ, ಉಪ್ಪು ಮಾತ್ರ ಅಷ್ಟೇ ಉಳಿಯುತ್ತದೆ. ಅಂದರೆ ಹಿಟ್ಟಿನಲ್ಲಿ ‘ಸರಿ’ ಅನಿಸಿದ ಉಪ್ಪು ಹಪ್ಪಳದಲ್ಲಿ ಮೂರು ಪಟ್ಟು. 1 ಕಿಲೋ ಬೆಂದ ಸೊಳೆಗೆ 12 ಗ್ರಾಂ, ಅಂದರೆ ಸಪಾಟಾದ ಎರಡು ಟೀ ಚಮಚ ಪುಡಿ ಉಪ್ಪು ಸಾಕು. ನಾಲಗೆಗೆ ಹಿಟ್ಟು ಸಪ್ಪೆ ಅನಿಸಬೇಕು. ಮೆಣಸಿನ ಪುಡಿ ಎರಡು ಚಮಚ, ತರಿತರಿ ಕೊತ್ತಂಬರಿ ಒಂದು ದೊಡ್ಡ ಚಮಚ, ಜೀರಿಗೆ ಒಂದು ಚಮಚ. ಖಾರಕ್ಕೂ ಇದೇ ಮಾತು, ಒಣಗಿದ ಮೇಲೆ ಏರುತ್ತದೆ.

ಲಿಂಬೆ ಗಾತ್ರದ ಉಂಡೆ, ಕೈಗೆ ತೆಂಗಿನೆಣ್ಣೆಯ ಪಸೆ, ಮಣೆಯಲ್ಲಿ ಒತ್ತುವಾಗ ನಡು ಮತ್ತು ಅಂಚು ಒಂದೇ ದಪ್ಪ. ಮೊದಲ ದಿನ ಮಧ್ಯಾಹ್ನದ ಒಳಗೆ ಒಮ್ಮೆ ಮಗುಚಬೇಕು, ಇಲ್ಲದಿದ್ದರೆ ದೋಣಿಯಂತೆ ಬಾಗುತ್ತದೆ. ಪೂರ್ತಿ ಬಿಸಿಲು ಎರಡು ಮೂರು ದಿನ ಬೇಕು. ಬಗ್ಗಿಸಿದರೆ ಸದ್ದು ಮಾಡಿ ಮುರಿಯಬೇಕು. ಬಿಸಿಲಿನಿಂದ ತಂದ ಹಪ್ಪಳವನ್ನು ಬಿಸಿ ಆರಿದ ಮೇಲೆಯೇ ಡಬ್ಬಕ್ಕೆ ತುಂಬಿ. ಬಿಸಿಯಾಗಿ ಮುಚ್ಚಿದರೆ ಒಳಗೆ ಬೆವರುತ್ತದೆ, ಆಷಾಢದಲ್ಲಿ ಬೂಸ್ಟು ಅಲ್ಲಿಂದಲೇ ಶುರು.

ಪ್ರಶ್ನೆ: ಉಪ್ಪಿನಲ್ಲಿ ಹಾಕಿದ ಸೊಳೆ ಮೆತ್ತಗಾಗಿ ವಾಸನೆ ಬಂದಿದೆ. ಉಪ್ಪು ಕಡಿಮೆ ತಿನ್ನಬೇಕೆಂದು ಕಡಿಮೆ ಹಾಕಿದ್ದೆವು.
— ಮುಳ್ಳೇರಿಯ

ಉತ್ತರ: ಕಾರಣ ನಿಮ್ಮ ಪತ್ರದಲ್ಲೇ ಇದೆ. ಇಲ್ಲಿ ಉಪ್ಪು ರುಚಿಗಲ್ಲ, ಕೆಡದಂತೆ ಕಾಯುವುದಕ್ಕೆ. 5 ಕಿಲೋ ಸೊಳೆಗೆ 1 ಕಿಲೋ ಹರಳುಪ್ಪು. ಒಂದು ಪದರ ಸೊಳೆ, ಒಂದು ಪದರ ಉಪ್ಪು, ಮೇಲೆ ಬಾಳೆ ಎಲೆ, ಅದರ ಮೇಲೆ ತೊಳೆದು ಒಣಗಿಸಿದ ಕಲ್ಲಿನ ಭಾರ. ನೀರು ಹಾಕುವ ಅಗತ್ಯವಿಲ್ಲ, ಉಪ್ಪೇ ಸೊಳೆಯಿಂದ ನೀರು ಎಳೆಯುತ್ತದೆ. ಎರಡು ದಿನದೊಳಗೆ ಉಪ್ಪುನೀರು ಸೊಳೆಯ ಮೇಲೆ ನಿಲ್ಲಬೇಕು. ನಿಲ್ಲದಿದ್ದರೆ ಭಾರ ಹೆಚ್ಚಿಸಿ. ಗಾಳಿಗೆ ಒಡ್ಡಿಕೊಂಡ ಮೇಲಿನ ಸೊಳೆಯೇ ಮೊದಲು ಕೊಳೆಯುವುದು. ತಿನ್ನುವ ಉಪ್ಪನ್ನು ಕಡಿಮೆ ಮಾಡುವುದು ತೆಗೆಯುವಾಗ: ಮೂರು ನಾಲ್ಕು ಗಂಟೆ ನೀರಲ್ಲಿ ನೆನೆಸಿ, ಮಧ್ಯೆ ಮೂರು ಸಲ ನೀರು ಬದಲಿಸಿ, ಚೆನ್ನಾಗಿ ಹಿಂಡಿ. ಈ ಸೊಳೆಯ ಸಣ್ಣ ಉಂಡೆ ಕರಿದು ಉಂಡ್ಲಕಾಳು ಮಾಡುವವರು ಹಿಂಡುವುದರಲ್ಲಿ ಉದಾಸೀನ ಮಾಡಿದರೆ ಉಂಡೆ ಎಣ್ಣೆಯಲ್ಲಿ ಸಿಡಿಯುತ್ತದೆ. ಈಗ ಭರಣಿಯಲ್ಲಿರುವುದನ್ನು ಬಳಸಬೇಡಿ, ಹಟ್ಟಿಗೂ ಬೇಡ.

ಪ್ರಶ್ನೆ: ಮನೆಯ ಕೊಬ್ಬರಿಯಿಂದ ಮಿಲ್ಲಿನಲ್ಲಿ ತೆಗೆಸಿದ ಎಣ್ಣೆ ಎರಡೇ ತಿಂಗಳಲ್ಲಿ ಕಮಟು ವಾಸನೆ ಬರುತ್ತದೆ. ಪೇಟೆಯ ಪ್ಯಾಕೆಟ್ ಎಣ್ಣೆ ಒಂದು ವರ್ಷ ಇದ್ದರೂ ಹಾಗೇ ಇರುತ್ತದೆ. ಹಾಗಾದರೆ ಮನೆಯದೇ ಒಳ್ಳೆಯದು ಎನ್ನುವುದು ಬರೀ ಮಾತೇ? ಫ್ರಿಜ್ಜಿನಲ್ಲಿಟ್ಟು ಗಟ್ಟಿಯಾದರೆ ಶುದ್ಧ ಎನ್ನುವ ಪರೀಕ್ಷೆ ಸರಿಯೇ?
— ಕುಂಬಳೆ

ಉತ್ತರ: ಮನೆಯದು ಒಳ್ಳೆಯದು, ಕೊಬ್ಬರಿ ಒಣಗಿದ್ದರೆ ಮಾತ್ರ. ಹಸಿ ತೆಂಗಿನ ತಿರುಳಿನಲ್ಲಿ ಹೆಚ್ಚುಕಡಿಮೆ ಅರ್ಧ ನೀರು. ಅದು ಶೇ. 6ಕ್ಕೆ ಇಳಿದಾಗ ಮಾತ್ರ ಕೊಬ್ಬರಿ ಗಾಣಕ್ಕೆ ಸಿದ್ಧ. ನೀರು ಉಳಿದ ಕೊಬ್ಬರಿಯಿಂದ ಎಣ್ಣೆಯ ಜೊತೆ ತೇವವೂ ತಿರುಳಿನ ನುಣ್ಣನೆ ಕಣಗಳೂ ಬರುತ್ತವೆ. ಆ ತೇವ ಎಣ್ಣೆಯನ್ನು ಒಡೆದು ಬಿಡಿ ಕೊಬ್ಬಿನಾಮ್ಲ ಮಾಡುತ್ತದೆ. ಕಮಟು ಬರುವುದು ಅದರಿಂದ.

ಒಳ್ಳೆಯ ಬಿಸಿಲಿನಲ್ಲಿ ಕೊಬ್ಬರಿಗೆ ಆರೇಳು ದಿನ ಬೇಕು. ಎರಡು ದಿನ ಒಣಗಿದ ಮೇಲೆ ಗೆರಟೆಯಿಂದ ಬಿಡಿಸಿ, ಮಿಕ್ಕ ದಿನ ಬಿಡಿಯಾಗಿ ಒಣಗಿಸಿ. ಸಂಜೆ ಒಳಗೆ ತಂದಾಗ ರಾಶಿ ಹಾಕಿ ಟಾರ್ಪಾಲು ಮುಚ್ಚುವ ಅಭ್ಯಾಸ ಕೆಟ್ಟದ್ದು, ರಾತ್ರಿಯಿಡೀ ಅದು ತನ್ನದೇ ಹಬೆಯಲ್ಲಿ ಇರುತ್ತದೆ. ಚಾಪೆಯ ಮೇಲೆ ಹರಡಿ. ಒಣಗಿದ ಕೊಬ್ಬರಿ ಬಾಗುವುದಿಲ್ಲ, ಮುರಿಯುತ್ತದೆ. ಹಳದಿ ಮಿಶ್ರಿತ ಹಸಿರು ಬೂಸ್ಟು ಹಿಡಿದ ತುಂಡುಗಳನ್ನು ಒರೆಸಿ ಸೇರಿಸಬೇಡಿ, ಎಸೆಯಿರಿ. ಆ ಜಾತಿಯ ಬೂಸ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ, ಒರೆಸಿದರೆ ಅದು ಹೋಗುವುದಿಲ್ಲ. ಬಿಸಿಲು ಕೈಕೊಟ್ಟರೆ ಗೆರಟೆ ಉರಿಸುವ ಡ್ರೈಯರ್ ಇದೆ. ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ), 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದ ಸಂಸ್ಥೆ, ಇಂಥ ಡ್ರೈಯರುಗಳನ್ನು ರೂಪಿಸಿದೆ. ನಾಲ್ಕೈದು ಮನೆಯವರು ಸೇರಿ ಒಂದನ್ನು ಇಟ್ಟುಕೊಳ್ಳುವುದು ಲೆಕ್ಕಕ್ಕೆ ಕೂಡಿಬರುತ್ತದೆ.

ಮಿಲ್ಲಿನಿಂದ ತಂದ ಎಣ್ಣೆಯನ್ನು ಸ್ಟೀಲಿನ ಪಾತ್ರೆಯಲ್ಲಿ ಒಂದು ವಾರ ಅಲುಗಾಡಿಸದೆ ಇಡಿ. ತಳದ ಮಷ್ಟು ಬಿಟ್ಟು ಮೇಲಿನದನ್ನು ಮಾತ್ರ ದಪ್ಪ ಬಟ್ಟೆಯಲ್ಲಿ ಸೋಸಿ. ಮತ್ತೂ ಸಂಶಯವಿದ್ದರೆ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಚುಯ್ ಎನ್ನುವ ಸದ್ದು ನಿಲ್ಲುವವರೆಗೆ. ಸದ್ದು ನಿಂತರೆ ನೀರು ಹೋಯಿತು. ಹೊಗೆ ಬರಬಾರದು. ಪೂರ್ತಿ ತಣಿದ ಮೇಲೆ ಒಣಗಿದ ಪಾತ್ರೆಗೆ ಕಂಠದವರೆಗೆ ತುಂಬಿ, ಬೆಳಕಿಲ್ಲದಲ್ಲಿಡಿ. ದಿನದ ಬಳಕೆಗೆ ಸಣ್ಣ ಬಾಟಲಿ ಬೇರೆ ಇರಲಿ, ದೊಡ್ಡ ಪಾತ್ರೆಗೆ ಒದ್ದೆ ಸೌಟು ಇಳಿಯಬಾರದು. ಹಳೆಯ ಎಣ್ಣೆ ಉಳಿದಿರುವ ಡಬ್ಬಕ್ಕೆ ಹೊಸತನ್ನು ಸುರಿಯುವುದು ಮೊಸರಿಗೆ ಹೆಪ್ಪು ಹಾಕಿದ ಹಾಗೆ.

ಫ್ರಿಜ್ಜಿನ ಪರೀಕ್ಷೆಯಿಂದ ತಿಳಿಯುವುದು ಅಲ್ಪ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗೆ ಹೆಪ್ಪುಗಟ್ಟುತ್ತದೆ, ಧನುರ್ಮಾಸದ ಬೆಳಗ್ಗೆ ಅಡುಗೆಮನೆಯಲ್ಲೇ ಗಟ್ಟಿಯಾಗುವುದು ಅದಕ್ಕೇ. ಗಟ್ಟಿಯಾಗದೆ ಬೇರೆ ಪದರ ನಿಂತರೆ ಏನೋ ಬೆರೆತಿದೆ ಎನ್ನಬಹುದು. ಗಟ್ಟಿಯಾದರೆ ಶುದ್ಧ ಎನ್ನಲಾಗದು, ಬೆರಕೆಗೆ ಬಳಸುವ ಕೆಲವು ಅಗ್ಗದ ಎಣ್ಣೆಗಳೂ ತಂಪಿಗೆ ಗಟ್ಟಿಯಾಗುತ್ತವೆ.

ಪ್ರಶ್ನೆ: ಹೊಸ ಮನೆಯ ಚಾವಡಿಗೆ ಹಳೆಯ ಮನೆಗಳಲ್ಲಿದ್ದಂಥ ಕೆಂಪು ನೆಲ ಬೇಕು. ಮೇಸ್ತ್ರಿ ‘ಬಿರುಕು ಬಿಡುತ್ತದೆ, ಟೈಲ್ಸ್ ಹಾಕಿ’ ಎನ್ನುತ್ತಾರೆ. ಅಡುಗೆಮನೆಗೂ ಅದನ್ನೇ ಹಾಕಬಹುದೇ?
— ಪುತ್ತಿಗೆ

ಉತ್ತರ: ಮೇಸ್ತ್ರಿಯವರ ಮಾತು ಅರ್ಧ ಸರಿ. ಕೆಲಸ ಅವಸರದಲ್ಲಿ ಆದರೆ ಖಂಡಿತ ಬಿರುಕು ಬಿಡುತ್ತದೆ, ಟೈಲ್ಸಿಗೆ ಆ ಅವಸರ ಮುಚ್ಚಿಕೊಳ್ಳುವ ಗುಣವಿದೆ. ಕೆಂಪು ನೆಲಕ್ಕಿಲ್ಲ.

ದೊಡ್ಡ ಬಿರುಕು ಬರುವುದು ಕೆಳಗಿನಿಂದ. ಪಂಚಾಂಗದ (ನೆಲಮಟ್ಟದವರೆಗಿನ ತಳಪಾಯದ ಕಟ್ಟಿನ) ಒಳಗೆ ತುಂಬಿದ ಮಣ್ಣನ್ನು ಅರ್ಧರ್ಧ ಅಡಿಯ ಪದರವಾಗಿ ನೀರು ಹಾಕಿ ಗುದ್ದಿರಬೇಕು. ಒಂದೇ ಸಲ ತುಂಬಿ ಮೇಲಿನಿಂದ ಗುದ್ದಿದರೆ ಮುಂದಿನ ಮಳೆಗೆ ಅದು ಕುಸಿಯುತ್ತದೆ, ನೆಲ ಗೋಡೆಯ ಬದಿಯಲ್ಲಿ ಬಾಯಿ ಬಿಡುತ್ತದೆ. ಮಣ್ಣಿನ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ 4 ಇಂಚು ಕಾಂಕ್ರೀಟು. ಹಾಳೆ ಬಿಟ್ಟರೆ ನೆಲದ ತೇವ ಲವಣಗಳನ್ನು ಹೊತ್ತು ಮೇಲೆ ಬಂದು ಕೆಂಪಿನ ಮೇಲೆ ಬಿಳಿ ಹುಡಿ ಬಿಡುತ್ತದೆ. ಎಷ್ಟು ಒರೆಸಿದರೂ ಅದು ಮತ್ತೆ ಬರುತ್ತದೆ.

ಕಾಂಕ್ರೀಟಿನ ಮೇಲೆ ಒಂದಕ್ಕೆ ಮೂರರ ಸಿಮೆಂಟು–ಹೊಯಿಗೆ ಗಾರೆ, ಒಂದೂಕಾಲು ಇಂಚು. ಅದು ಹೆಬ್ಬೆರಳಿನ ಗುರುತು ಹಿಡಿಯುವಷ್ಟು ಹಸಿಯಿರುವಾಗಲೇ ಬಣ್ಣದ ಪದರ, 3ರಿಂದ 5 ಮಿಲಿಮೀಟರು. ಒಣಗಿದ ಗಾರೆಯ ಮೇಲೆ ಮರುದಿನ ಬಣ್ಣ ಹಾಕಿದರೆ ಹಿಡಿಯುವುದಿಲ್ಲ, ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಕೆಂಪು ಬಣ್ಣ ಕೊಡುವ ಆಕ್ಸೈಡು ಹುಡಿ ಸಿಮೆಂಟಿನ ತೂಕದ ಹತ್ತರಲ್ಲಿ ಒಂದು ಪಾಲಿನೊಳಗೆ ಇರಲಿ. ಕಡು ಕೆಂಪು ಬೇಕೆಂದು ಹೆಚ್ಚು ಸುರಿದರೆ ಪದರ ಬಲ ಕಳೆದುಕೊಂಡು ಕಾಲಿಗೆ ಕೆಂಪು ಹತ್ತುತ್ತದೆ. ಇಡೀ ಕೋಣೆಗೆ ಬೇಕಾದ ಸಿಮೆಂಟು ಮತ್ತು ಆಕ್ಸೈಡನ್ನು ಒಣಗಿರುವಾಗಲೇ ಒಟ್ಟಿಗೆ ಬೆರೆಸಿ ಜರಡಿ ಹಿಡಿದಿಟ್ಟುಕೊಳ್ಳಿ, ಎರಡು ಸಲ ಬೆರೆಸಿದ್ದು ಒಂದೇ ಬಣ್ಣ ಬರುವುದಿಲ್ಲ. 4 ಅಡಿಗೆ 4 ಅಡಿಯ ಚೌಕಗಳಾಗಿ ಗಾಜಿನ ಪಟ್ಟಿ ಇಟ್ಟು ವಿಭಾಗಿಸಿ. ಸಿಮೆಂಟು ಕುಗ್ಗುವಾಗ ಬಿರುಕು ಪಟ್ಟಿಯ ಗೆರೆಯಲ್ಲೇ ಅಡಗುತ್ತದೆ.

ಉಕ್ಕಿನ ಕರಣೆಯಲ್ಲಿ ತಿಕ್ಕುವುದು ಮೇಲಿನ ನೀರಿನ ಹೊಳಪು ಆರಿದ ಮೇಲೆ. ಅದು ಆರುವ ತಾಳ್ಮೆ ಇಲ್ಲದೆ ಒಣ ಸಿಮೆಂಟು ಚಿಮುಕಿಸಿ ತಿಕ್ಕುವವರಿದ್ದಾರೆ. ಆ ಹೊಳಪು ಒಂದು ವರ್ಷದಲ್ಲಿ ಸಿಪ್ಪೆಯಾಗಿ ಏಳುತ್ತದೆ. ಆ ದಿನ ಕಿಟಕಿ ಮುಚ್ಚಿರಲಿ, ಫ್ಯಾನು ಬೇಡ, ಗಾಳಿಗೆ ಬೇಗ ಒಣಗಿದರೆ ಕೂದಲೆಳೆಯ ಬಿರುಕು ಬಲೆಯಂತೆ ಬರುತ್ತದೆ. 24 ಗಂಟೆಯ ನಂತರ ಅಂಚಿಗೆ ಮಣ್ಣಿನ ಬದು ಕಟ್ಟಿ 7ರಿಂದ 10 ದಿನ ನೀರು ನಿಲ್ಲಿಸಿ. ಒಂದು ಬದಿ ಒಣಗಿ ಒಂದು ಬದಿ ಒದ್ದೆ ಇದ್ದರೆ ಕಲೆ ಉಳಿಯುತ್ತದೆ.

ತೆಂಗಿನೆಣ್ಣೆ ಹಚ್ಚುವುದು ನೆಲ ಪೂರ್ತಿ ಒಣಗಿದ ಮೇಲೆ, ಮೂರು ನಾಲ್ಕು ವಾರ ಕಳೆದು. ಬಟ್ಟೆಗೆ ಪಸೆ ಮಾಡಿ ತೆಳ್ಳಗೆ ತಿಕ್ಕಿ, ಅರ್ಧ ಗಂಟೆ ಬಿಟ್ಟು ಒಣ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಉಳಿದ ಎಣ್ಣೆ ಧೂಳು ಹಿಡಿದು ನೆಲ ಕಪ್ಪಾಗುತ್ತದೆ. ಕಾಲು ನಡೆದಂತೆ ಹೊಳಪು ತಾನಾಗಿ ಏರುತ್ತದೆ. ಕಕ್ಕಸಿಗೆ ಹಾಕುವ ಆಸಿಡ್ ಯಾವ ಕಾರಣಕ್ಕೂ ಬೇಡ.

ಅಡುಗೆಮನೆಗೆ ಬೇಡ ಎನ್ನುವುದೇ ನಮ್ಮ ಅಭಿಪ್ರಾಯ. ಹುಣಸೆಹುಳಿ, ಲಿಂಬೆ, ಮಜ್ಜಿಗೆ, ಪುನರ್ಪುಳಿ, ನಮ್ಮ ಅಡುಗೆಯೇ ಹುಳಿಯ ಮೇಲೆ ನಿಂತದ್ದು. ಸಿಮೆಂಟನ್ನು ಹುಳಿ ತಿನ್ನುತ್ತದೆ, ಚೆಲ್ಲಿದಲ್ಲೆಲ್ಲ ಮಂಕು ಕಲೆ. ಕಡಪಾ ಕಲ್ಲಿಗೂ ಇದೇ ಗತಿ, ಅದು ಸುಣ್ಣದ ಜಾತಿಯ ಕಲ್ಲು. ಅಡುಗೆ ಕಟ್ಟೆಗೆ ಗ್ರಾನೈಟೇ ಸರಿ.

ಪ್ರಶ್ನೆ: ಪುನರ್ಪುಳಿ ಶರಬತ್ತು ಮಳೆಗಾಲದಲ್ಲಿ ನೊರೆ ಬಂದು ಮುಚ್ಚಳ ಹಾರುತ್ತದೆ. ಬಣ್ಣವೂ ಕಂದು.
— ಪೈವಳಿಕೆ

ಉತ್ತರ: ಸಕ್ಕರೆ ಸಾಲದೆ ಹುಳಿ ಬಂದಿದೆ. 1 ಕಿಲೋ ಸಿಪ್ಪೆಗೆ 2 ಕಿಲೋ ಸಕ್ಕರೆ, ನೀರು ಹನಿಯೂ ಬೇಡ. ಹಣ್ಣನ್ನು ತೊಳೆದು, ಒರೆಸಿ, ನೆರಳಲ್ಲಿ ಆರಿಸಿ ಆಮೇಲೆ ಬಿಡಿಸಿ. ಒದ್ದೆ ಹಣ್ಣು ಬಿಡಿಸಿದರೆ ಮಾಡಿದ ಲೆಕ್ಕವೆಲ್ಲ ತಪ್ಪುತ್ತದೆ. ಗಾಜಿನ ಭರಣಿಯಲ್ಲಿ ಪದರ ಪದರವಾಗಿ ಹಾಕಿ, ಬಟ್ಟೆ ಕಟ್ಟಿ ಒಂದು ವಾರ ಬಿಸಿಲಲ್ಲಿಡಿ, ದಿನಕ್ಕೊಮ್ಮೆ ಒಣ ಮರದ ಸೌಟಲ್ಲಿ ಕಲಕಿ. ಸೋಸಿದ ಮೇಲೆ ಬೆಳಕು ತಾಗದಲ್ಲಿಡಿ. ಕಂದಾಗುವುದಕ್ಕೆ ಬೆಳಕು ಒಂದು ಕಾರಣ, ಕಬ್ಬಿಣ ಅಥವಾ ಅಲ್ಯೂಮಿನಿಯಂ ಪಾತ್ರೆ ಇನ್ನೊಂದು. ಮೊದಲ ಮಳೆ ಬಿದ್ದ ಮೇಲೆ ಹೆಕ್ಕಿದ ಹಣ್ಣು ನೀರು ಕುಡಿದಿರುತ್ತದೆ, ಅದನ್ನು ಸಾರಿಗೆ ಬಳಸಿ.

ಪ್ರಶ್ನೆ: ನಮ್ಮದು ಸಾರಣೆ ಮಾಡದ ಕೆಂಪುಕಲ್ಲಿನ ಗೋಡೆ. ನೋಡಲು ಚೆಂದ, ಆದರೆ ಹುಡಿ ಉದುರುತ್ತದೆ, ಮಳೆಗಾಲದಲ್ಲಿ ಕಪ್ಪಾಗುತ್ತದೆ. ಹೊಳಪಿನ ವಾರ್ನಿಷ್ ಹೊಡೆದರೆ ಸರಿಹೋಗುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ.
— ದೇಲಂಪಾಡಿ

ಉತ್ತರ: ಮೊದಲು ತೇವ ಎಲ್ಲಿಂದ ಬರುತ್ತದೆಂದು ನೋಡಿ. ಒಂದಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಬದಿ ಟೇಪಿನಲ್ಲಿ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಒಳಬದಿಯಲ್ಲಿ ಹನಿ ಕಂಡರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಹೊರಬದಿಯಲ್ಲಿ ಕಂಡರೆ ಕೋಣೆಯ ಗಾಳಿಯ ತೇವ ತಣ್ಣನೆಯ ಗೋಡೆಗೆ ಕೂರುತ್ತಿದೆ. ಮೊದಲನೆಯದಕ್ಕೆ ಮದ್ದು ಹೊರಗಿದೆ: ಮಾಡಿನ ಚಾಚು ಎರಡೂವರೆ ಅಡಿಗಿಂತ ಕಡಿಮೆ ಇದೆಯೇ, ದಂಬೆ ಸೋರುತ್ತಿದೆಯೇ, ಅಂಗಳದ ನೀರು ಗೋಡೆಯ ಕಡೆಗೆ ಇಳಿಯುತ್ತಿದೆಯೇ ನೋಡಿ. ಎರಡನೆಯದಕ್ಕೆ ಕಿಟಕಿ ತೆರೆಯಿರಿ, ಕಪಾಟನ್ನು ಗೋಡೆಯಿಂದ 3 ಇಂಚು ಈಚೆಗೆ ಎಳೆಯಿರಿ, ಒದ್ದೆ ಬಟ್ಟೆಯನ್ನು ಚಾವಡಿಯಲ್ಲಿ ಹರವುವುದನ್ನು ಬಿಡಿ.

ಹೊಳಪಿನ ವಾರ್ನಿಷ್ ಬೇಡವೇ ಬೇಡ. ಕೆಂಪುಕಲ್ಲು ತೂತುತೂತಿನ ಕಲ್ಲು, ನೀರು ಕುಡಿಯುತ್ತದೆ, ಬಿಸಿಲಿಗೆ ಬಿಡುತ್ತದೆ. ಬಿಡುವ ದಾರಿಗೆ ವಾರ್ನಿಷ್ ಅಡ್ಡ ಬಂದರೆ ಪದರದ ಹಿಂದೆ ನೀರು ನಿಂತು, ಬಿಳಿ ಗುಳ್ಳೆ ಎದ್ದು, ಕೊನೆಗೆ ಕಲ್ಲಿನ ಮೈಯನ್ನೂ ಕಿತ್ತುಕೊಂಡು ಬರುತ್ತದೆ. ಬೇಕಲ ಕೋಟೆಯ ಕೆಂಪುಕಲ್ಲು ಕಡಲ ಗಾಳಿಗೆ ಮೈಯೊಡ್ಡಿ ನಿಂತಿರುವುದನ್ನು ತೋರಿಸಿ ‘ಏನೂ ಹಚ್ಚಬೇಕಾಗಿಲ್ಲ’ ಎನ್ನುವವರೂ ಇದ್ದಾರೆ. ಕೋಟೆಯೊಳಗೆ ಯಾರೂ ಹಾಸಿಗೆ ಮಡಚಿ ಇಡುವುದಿಲ್ಲವಲ್ಲ.

ಮಾಡಬೇಕಾದದ್ದು: ಫೆಬ್ರವರಿಯಿಂದ ಮೇ ನಡುವೆ, ಗೋಡೆ ಒಣಗಿದ ಮೇಲೆ, ತೆಂಗಿನ ನಾರಿನ ಬ್ರಷ್ಷಿನಿಂದ ಹುಡಿ ಉದುರಿಸಿ. ತಂತಿ ಬ್ರಷ್ ಕಲ್ಲಿನ ಗಟ್ಟಿ ಮೈಯನ್ನೇ ತೆಗೆಯುತ್ತದೆ. ಈ ಕಲ್ಲು ನೆಲದಡಿಯಲ್ಲಿ ಮೆತ್ತಗಿದ್ದು ಗಾಳಿಗೆ ಬಂದ ಮೇಲೆ ಗಟ್ಟಿಯಾಗುವುದನ್ನು 1807ರಲ್ಲಿ ಅಚ್ಚಾದ ಪ್ರವಾಸ ಬರಹದಲ್ಲೇ ಫ್ರಾನ್ಸಿಸ್ ಬುಕನನ್ ಮಲಬಾರಿನ ಅಂಗಾಡಿಪುರದ ಕಲ್ಲು ನೋಡಿ ದಾಖಲಿಸಿದ್ದಾರೆ. ಆ ಗಟ್ಟಿ ಮೈ ಉಳಿಯಬೇಕು. ಸಂದುಗಳಲ್ಲಿ ಗಾರೆ ಉದುರಿದ್ದರೆ ಸುಣ್ಣ ಸೇರಿದ ಗಾರೆಯಿಂದ ತುಂಬಿ. ಹೊರಮೈಗೆ ಸಿಲೇನ್–ಸಿಲೊಕ್ಸೇನ್ ಜಾತಿಯ ನೀರು ತಡೆಯುವ ದ್ರವ ಹೊಡೆಯಬಹುದು. ಅದು ಮೇಲೆ ಪದರ ಕಟ್ಟುವುದಿಲ್ಲ, ಹಬೆಗೆ ದಾರಿ ಬಿಡುತ್ತದೆ. ಒಳಗೆ ಒಂದು ಗೋಡೆಯನ್ನು ಮಾತ್ರ ಕಲ್ಲಾಗಿ ಬಿಟ್ಟು ಉಳಿದವಕ್ಕೆ ಸುಣ್ಣ ಹೊಡೆದರೆ ಕೋಣೆಗೆ ಬೆಳಕೂ ಬರುತ್ತದೆ. ನಾಲ್ಕೂ ಗೋಡೆ ಕೆಂಪುಕಲ್ಲಾದರೆ ಸಂಜೆ ನಾಲ್ಕಕ್ಕೇ ದೀಪ ಬೇಕು.

ಪ್ರಶ್ನೆ: ಸುಣ್ಣ ಹೊಡೆಯುವುದು ಹೇಗೆ? ಕೈಗೆ ಬಿಳಿ ಹತ್ತದಂತೆ ಮಾಡಬಹುದೇ? ಹಳದಿ ಬಣ್ಣಕ್ಕೆ ಅರಸಿನ ಸೇರಿಸಿದರೆ ನೈಸರ್ಗಿಕವಾಗುತ್ತದಲ್ಲವೇ?
— ಮಂಜೇಶ್ವರ

ಉತ್ತರ: ಅರಸಿನ ಸೇರಿಸಿದರೆ ಗೋಡೆ ಕೆಂಪಾಗುತ್ತದೆ! ಆರತಿಗೆ ಅರಸಿನ–ಸುಣ್ಣ ಬೆರೆಸಿ ಕೆಂಪು ಕುರುದಿ ನೀರು ಮಾಡುವ ಮನೆಯವರಿಗೆ ಇದನ್ನು ಹೇಳಬೇಕಾಗಿಲ್ಲ. ಬಿಸಿಲಿಗೆ ಆ ಕೆಂಪೂ ಉಳಿಯದು. ಸುಣ್ಣದ ಕ್ಷಾರ ತಡೆಯುವುದು ಮಣ್ಣಿನ ಬಣ್ಣ ಮತ್ತು ಆಕ್ಸೈಡುಗಳು ಮಾತ್ರ. ಹಳದಿ ಆಕ್ಸೈಡು ತನ್ನಿ, ಸುಣ್ಣದ ತೂಕದ ಶೇ. 5ರಷ್ಟು ಸಾಕು. ಒದ್ದೆ ಇರುವಾಗ ಕಾಣುವ ಬಣ್ಣ ಒಣಗಿದ ಮೇಲೆ ಬಹಳ ತಿಳಿಯಾಗುತ್ತದೆ, ಆದ್ದರಿಂದ ಮೂಲೆಯಲ್ಲಿ ಹೊಡೆದು ಒಂದು ದಿನ ಬಿಟ್ಟು ನೋಡಿ.

ಚಿಪ್ಪುಸುಣ್ಣ ಸುಟ್ಟದ್ದಾದರೆ ಡ್ರಮ್ಮಿನಲ್ಲಿ ಮೊದಲು ನೀರು, ಆಮೇಲೆ ಸುಣ್ಣ ಸ್ವಲ್ಪ ಸ್ವಲ್ಪವಾಗಿ. ಸುಣ್ಣದ ರಾಶಿಗೆ ನೀರು ಸುರಿದರೆ ಕುದಿದು ಕಣ್ಣಿಗೆ ಸಿಡಿಯುತ್ತದೆ. ಪ್ಲಾಸ್ಟಿಕ್ ಡ್ರಮ್ ಬೇಡ, ಮಕ್ಕಳು ಹತ್ತಿರ ಬೇಡ. ಒಂದೆರಡು ವಾರ ಮುಚ್ಚಿಟ್ಟು, ಬಟ್ಟೆಯಲ್ಲಿ ಸೋಸಿ, ಹಾಲಿನಷ್ಟು ತೆಳ್ಳಗೆ ಮಾಡಿ. ಎಲ್ಲರೂ ತಪ್ಪುವುದು ಇಲ್ಲಿ: ದಪ್ಪಕ್ಕೆ ಕಲಸಿ ಒಂದೇ ಸಲ ಹೊಡೆದು ಮುಗಿಸುತ್ತಾರೆ. ಅದೇ ಕೈಗೆ ಹತ್ತುವುದು, ಸಿಪ್ಪೆ ಏಳುವುದು. ಗೋಡೆಗೆ ಮೊದಲು ನೀರು ಚಿಮುಕಿಸಿ ತೆಳ್ಳನೆಯ ಪದರ ಹೊಡೆಯಿರಿ, ಮರುದಿನ ಮತ್ತೆ ನೀರು, ಮತ್ತೆ ಪದರ. ಹೀಗೆ ನಾಲ್ಕು ದಿನ. ಸುಣ್ಣ ಗಟ್ಟಿಯಾಗುವುದು ಬರೀ ಒಣಗುವುದರಿಂದಲ್ಲ, ಗಾಳಿಯ ಇಂಗಾಲದ ಡೈಆಕ್ಸೈಡು ಹೀರಿ ಮತ್ತೆ ಕಲ್ಲಾಗುವುದರಿಂದ. ಅದಕ್ಕೆ ತೇವವೂ ಬೇಕು, ಸಮಯವೂ ಬೇಕು. ಹಳೆಯ ಪ್ಲಾಸ್ಟಿಕ್ ಪೈಂಟಿನ ಮೇಲೆ ಸುಣ್ಣ ನಿಲ್ಲದು, ಅದನ್ನು ಪೂರ್ತಿ ಕೆರೆಯಲೇಬೇಕು.

ಪ್ರಶ್ನೆ: ಕಾಯಿಹಾಲಿನ ಪಾಯಸ ಒಡೆಯುತ್ತದೆ. ಪ್ಯಾಕೆಟ್ ಹಾಲು ಹಾಕಿದರೆ ಒಡೆಯುವುದಿಲ್ಲ. ಅದನ್ನೇ ಬಳಸಿದರೆ ತಪ್ಪೇ?
— ನೀರ್ಚಾಲು

ಉತ್ತರ: ತಪ್ಪೇನಿಲ್ಲ, ರುಚಿ ಇಲ್ಲ ಅಷ್ಟೆ. ಪ್ಯಾಕೆಟ್ಟಿನಲ್ಲಿ ಕೊಬ್ಬು–ನೀರು ಬೇರೆಯಾಗದಂತೆ ಹಿಡಿದಿಡುವ ವಸ್ತು ಸೇರಿರುತ್ತದೆ, ಮೊದಲೇ ಬಿಸಿಯೂ ಮಾಡಿರುತ್ತಾರೆ. ಆ ಬಿಸಿಯಲ್ಲೇ ಹಸಿ ಕಾಯಿಯ ಪರಿಮಳ ಹೋಗಿರುತ್ತದೆ.

ಕಾಯಿಹಾಲಿನ ಪ್ರೋಟೀನು ಸುಮಾರು 80 ಡಿಗ್ರಿಗೆ ಹೆಪ್ಪಾಗುತ್ತದೆ. ಬೆಲ್ಲದಲ್ಲಿ ಹುಳಿ ಅಂಶ ಇದ್ದರೆ ಇನ್ನೂ ಬೇಗ. ಎರಡು ಕಾಯಿಗೆ ಮುಕ್ಕಾಲು ಕಪ್ ಉಗುರುಬೆಚ್ಚಗಿನ ನೀರು ಹಾಕಿ ಹಿಂಡಿದ್ದು ದಪ್ಪ ಹಾಲು. ಅದೇ ಚರಟಕ್ಕೆ ಎರಡೆರಡು ಕಪ್ ನೀರು ಹಾಕಿ ಎರಡನೆಯದು, ಮೂರನೆಯದು. ಒಂದು ಕಪ್ ಕಡಲೆಬೇಳೆಯನ್ನು ಮೂರನೆಯ ಹಾಲಲ್ಲಿ ಬೇಯಿಸಿ. ಬೇಳೆ ಬೇಯುವ ಮೊದಲು ಬೆಲ್ಲ ಹಾಕಿದರೆ ಮತ್ತೆ ಅದು ಬೇಯುವುದಿಲ್ಲ. 350 ಗ್ರಾಂ ಬೆಲ್ಲವನ್ನು ಬೇರೆ ಕರಗಿಸಿ, ಸೋಸಿ, ಹಾಕಿ ಕುದಿಸಿ. ಎರಡನೆಯ ಹಾಲು ಸಣ್ಣ ಉರಿಯಲ್ಲಿ. ಒಲೆಯಿಂದ ಇಳಿಸಿ, ಕುದಿ ಪೂರ್ತಿ ನಿಂತ ಮೇಲೆ ದಪ್ಪ ಹಾಲು. ಆಮೇಲೆ ಮತ್ತೆ ಒಲೆಗೆ ಇಡಲೇಬಾರದು. ಮಧ್ಯಾಹ್ನದ್ದನ್ನು ರಾತ್ರಿಗೆ ಬಿಸಿ ಮಾಡುವುದಿದ್ದರೆ ದಪ್ಪ ಹಾಲು ಹಾಕುವ ಮೊದಲೇ ಅರ್ಧ ತೆಗೆದಿಡಿ.

ಪ್ರಶ್ನೆ: ಅಡುಗೆಮನೆ ಮತ್ತು ಚಾವಡಿಯ ನಡುವಿನ ಗೋಡೆ ತೆಗೆದು ಒಂದೇ ಮಾಡಬೇಕೆಂದಿದ್ದೇವೆ. ಹೊಗೆ ಹೀರಲು ಚಿಮಣಿ ಹಾಕುತ್ತೇವೆ.
— ಕಾಸರಗೋಡು ಪೇಟೆ

ಉತ್ತರ: ಗೋಡೆ ಇರಲಿ. ಮೆಣಸು ಹುರಿಯುವ, ಹಪ್ಪಳ ಕರಿಯುವ, ಒಗ್ಗರಣೆ ಹಾಕುವ ಅಡುಗೆ ನಮ್ಮದು. ಎಣ್ಣೆ ಬೆರೆತ ಹಬೆ ಚಾವಡಿಯ ಪರದೆಗೆ, ಸೋಫಾಕ್ಕೆ, ಫ್ಯಾನಿನ ರೆಕ್ಕೆಗೆ ಅಂಟುತ್ತದೆ, ಅದರ ಮೇಲೆ ಧೂಳು, ಮಳೆಗಾಲದಲ್ಲಿ ಬೂಸ್ಟು. ಕೊಳವೆ ಇಲ್ಲದ ಚಿಮಣಿ ವಾಸನೆಯನ್ನು ಸ್ವಲ್ಪ ಹಿಡಿಯಬಹುದು, ಹಬೆಯನ್ನು ಮತ್ತೆ ಕೋಣೆಗೇ ಬಿಡುತ್ತದೆ. ಹೊರಗೆ ಹೋಗುವ ಕೊಳವೆ ಇರಬೇಕು, ಆದಷ್ಟು ಗಿಡ್ಡ, ತಿರುವು ಒಂದಕ್ಕಿಂತ ಹೆಚ್ಚಿರಬಾರದು. ಬೆಳಕಿಗಾಗಿ ಗೋಡೆ ತೆಗೆಯುವುದಾದರೆ ಮೂರಡಿ ಅಗಲದ ಕಿಂಡಿ ಮಾಡಿ ಜಾರುವ ಗಾಜು ಹಾಕಿ. ಅದಕ್ಕೆ ಮೊದಲು ಆ ಗೋಡೆ ಮೇಲಿನ ಭಾರ ಹೊತ್ತಿದೆಯೇ ಎಂದು ಎಂಜಿನಿಯರರಿಂದ ತಿಳಿದುಕೊಳ್ಳಿ, ಕಲ್ಲಿನ ಮನೆಗಳಲ್ಲಿ ಒಳಗೋಡೆಗಳೂ ಭಾರ ಹೊರುತ್ತವೆ.

ಪ್ರಶ್ನೆ: ಹಲಸಿನ ಮರದ ಹೊಸ ಬಾಗಿಲಿಗೆ ತೆಂಗಿನೆಣ್ಣೆ ಹಚ್ಚಬಹುದೇ? ಗೇರೆಣ್ಣೆ ಒಳ್ಳೆಯದೇ?
— ಎಣ್ಮಕಜೆ

ಉತ್ತರ: ತೆಂಗಿನೆಣ್ಣೆ ಎಂದಿಗೂ ಒಣಗುವ ಎಣ್ಣೆಯಲ್ಲ, ಬಾಗಿಲು ಅಂಟಂಟಾಗಿಯೇ ಇರುತ್ತದೆ. ಅಗಸೆ ಎಣ್ಣೆ ಒಣಗಿ ಪದರವಾಗುತ್ತದೆ. ತೆಳ್ಳಗೆ ಹಚ್ಚಿ, 20 ನಿಮಿಷಕ್ಕೆ ಒರೆಸಿ, ಎರಡು ದಿನ ಬಿಟ್ಟು ಮತ್ತೊಮ್ಮೆ, ಒಟ್ಟು ಮೂರು ಸಲ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಶಾಖ ಬರುತ್ತದೆ, ಮುದ್ದೆಯಾದ ಬಟ್ಟೆಗೆ ತಾನಾಗಿ ಬೆಂಕಿ ಹಿಡಿಯುತ್ತದೆ. ಹೊರಗೆ ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ. ಗೇರೆಣ್ಣೆ ಗೆದ್ದಲಿಗೆ ಒಳ್ಳೆಯ ತಡೆ, ಆದರೆ ಮರ ಕಪ್ಪಾಗುತ್ತದೆ, ಚರ್ಮಕ್ಕೆ ತಾಗಿದರೆ ಸುಟ್ಟು ಗುಳ್ಳೆ ಏಳುತ್ತದೆ. ಮಾಡಿನ ಪಕ್ಕಾಸು, ರೀಪಿಗೆ ಹಚ್ಚಿ. ದಿನವೂ ಕೈ ತಾಗುವ ಬಾಗಿಲಿಗೆ ಬೇಡ. ಹಲಸಿನ ಹಳದಿ ಬಣ್ಣ ಹಾಗೇ ಉಳಿಯಲಿ ಎಂಬ ಆಸೆ ಇದ್ದರೆ ಬಿಟ್ಟುಬಿಡಿ, ಏನು ಹಚ್ಚಿದರೂ ಅದು ಬೆಳಕಿಗೆ ಕಂದಾಗುವುದೇ.

ಪ್ರಶ್ನೆ: ಅಟ್ಟದಲ್ಲಿದ್ದ ಹಳೆಯ ಹಿತ್ತಾಳೆ ಪಾತ್ರೆಗಳನ್ನು ಜಗಲಿಯಲ್ಲಿ ಅಲಂಕಾರಕ್ಕಿಟ್ಟು, ಹಬ್ಬಕ್ಕೆ ಅಡುಗೆಗೂ ಬಳಸಬಹುದೇ?
— ಅಡೂರು

ಉತ್ತರ: ಒಳಗೆ ಕಲಾಯಿ ಇದ್ದರೆ ಬಳಸಬಹುದು. ಬೆಳ್ಳಿಯಂಥ ಬಿಳಿ ಪದರದ ನಡುವೆ ಎಲ್ಲಿಯಾದರೂ ಹಳದಿ ಲೋಹ ಕಾಣಿಸಿದರೆ ಹುಳಿ, ಸಾರು, ಮಜ್ಜಿಗೆ ಹಾಕಲೇಬಾರದು. ಹುಳಿಗೆ ತಾಮ್ರ ಕರಗಿ ವಾಂತಿ ಬರುತ್ತದೆ. ಕಲಾಯಿ ಹಾಕಿಸುವಾಗ ತವರವನ್ನೇ ಬಳಸುತ್ತಾರೋ ಎಂದು ವಿಚಾರಿಸಿ, ಸೀಸ ಬೆರೆಸಿದ್ದು ಊಟದ ಪಾತ್ರೆಗೆ ವಿಷ. ಅಂಗಡಿಯಲ್ಲಿ ಹೊಳಪು ಉಳಿಯಲೆಂದು ಲ್ಯಾಕರ್ ಹೊಡೆಸಿದ ಪಾತ್ರೆ ಮತ್ತೆ ಒಲೆಗೆ ಹೋಗಬಾರದು. ಕಂಚಿನ ಉರುಳಿಗೆ ಕಲಾಯಿ ಬೇಡ, ಆದರೆ ಬಿಸಿ ಇರುವಾಗ ತಣ್ಣೀರು ಬಿದ್ದರೆ ಸೀಳುತ್ತದೆ.

ಜಗಲಿಯಲ್ಲಿ ನೀರು ತುಂಬಿ ಹೂ ಬಿಡುವುದಾದರೆ ವಾರಕ್ಕೊಮ್ಮೆ ನೀರು ಪೂರ್ತಿ ಚೆಲ್ಲಿ, ಒಳಗೋಡೆಯನ್ನು ನಾರಿನಲ್ಲಿ ತಿಕ್ಕಿ ತೊಳೆಯಿರಿ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದು ನೀರಿನ ಅಂಚಿನ ಗೋಡೆಯಲ್ಲಿ, ಬರೀ ನೀರು ಬದಲಿಸಿದರೆ ಅವು ಅಲ್ಲೇ ಉಳಿಯುತ್ತವೆ.